ಚಿಕ್ಕಬೋರಮ್ಮ ಸುಮ್ಮನಿದ್ದದ್ದು

ಚಿಕ್ಕಬೋರಮ್ಮನ ಕೈಯಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ. ಗಂಡ ಸತ್ತ ಮೇಲೆ ಒಂಬತ್ತು ವರ್ಷ ಗದ್ದೆ ಮಾಡಿಕೊಂಡಿದ್ದಳು, ಅಷ್ಟೆ. ಆ ಗದ್ದೆ ತನ್ನದೆಂದು ಗಂಡನ ಅಣ್ಣನ ಮೇಲೆ ಅವಳು ಹಾಕಿದ ಅರ್ಜಿ ಬರೆದವನು ವಕೀಲರ ಗುಮಾಸ್ತ ರೇವಣ್ಣ. ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಮುಂದೆ ವಿಚಾರಣೆಯ ದಿನ ಅವನು ಮದ್ದೂರಿನ ಅಂಚೆ ಕಚೇರಿಯಿಂದ ಮಳವಳ್ಳಿ ತಾಲ್ಲೂಕು ಕಚೇರಿಯ ಗುಮಾಸ್ತ ಸಿದ್ದರಾಜುವಿನ ಜೊತೆ ಫೋನಿನಲ್ಲಿ ಮಾತಾಡಿದ್ದು ಇದು.

ಹಲೋ... ಯಾರು ಮಾತಾಡೋದು? ಸಿದ್ದರಾಜುನಾ? ನಾನು ಕಣ್ಲಾ, ರೇವಣ್ಣ. ಹಾಂ, ಮದ್ದೂರಲ್ಲೇ ಇವ್ನಿ. ಇದ್ಲು ಉರಿಸಿ ಓಡೋ ಬಸ್ಸು ಕೆಟ್ಟು ನಿಂತದೆ. ವಕೀಲ್ರಿಗೆ ಜರ, ನನ್ನ ಕಳ್ಸಿದ್ರು. ನಮ್ಮ ಕೇಸು ಕೂಗಿದ್ರಾ?

... ಆಗ್ಲೇ? ಚಿಕ್ಕಬೋರಮ್ಮ ಒಳಗವ್ಳಾ? ನಿನ್ ಮೇಜಿಂದ ಕಾಣ್ತದಲ್ವಾ?

... ಯಾವ ಪದ? ಟ್ಯಾಸಿಟ್ಟಾ? ಅರ್ಜೀಲಿ ಆ ಇಂಗ್ಲಿಷ್ ಪದ ನಾನೇ ಹಾಕಿದ್ದು ಕಣ್ಲಾ. ಹಾಸ್ಟೆಲ್ ಲೈಬ್ರರೀಲಿ ಓದಿಟ್ಕೊಂಡಿದ್ದೆ. ಬಾಯಲ್ಲಿ ಹೇಳ್ದೆ ಒಪ್ಕೊಂಡಿರೋದು ಅಂತ. ಅವ್ಳು ಒಂಬತ್ತು ವರ್ಸ ನಾಟಿ ಹಾಕುಸ್ತಿದ್ರೆ ಅವಳ ಬಾವ ದೊಡ್ಡಸಿದ್ದಯ್ಯ ಬದುವಿನ ಮೇಲೇ ಓಡಾಡ್ತಿದ್ದ. ಒಂದಿನ ಬ್ಯಾಡ ಅಂದ್ನಾ? ಇಲ್ಲ. ಅದೇ ಒಪ್ಪಿಗೆ. ಅಮಲ್ದಾರ್ರಿಗೆ ಅಂಗೇ ಹೇಳು.

... ಏನಂದ್ರು? ಇನ್ನೊಂದ್ಸಲ ಹೇಳ್ಲಾ, ಗೊರ ಗೊರ ಅಂತದೆ.

... ಹೋದ ವರ್ಸ ಬಾವ ಅವ್ಳ ಗದ್ದೆಯೊಳಗೆ ಎಲ್ಲೆ ಕಲ್ಲು ನೆಡಿಸ್ದಾಗ ಇವ್ಳೂ ಸುಮ್ನೆ ನಿಂತಿದ್ಲು, ಅದೂ ಟ್ಯಾಸಿಟ್ಟೇ ಅಂತಾರಾ? ಲೇ, ಅದು ಬೇರೆ ಕಣ್ಲಾ! ಬಾವನ ಎದುರು ಅವ್ಳು ಯಾವತ್ತು ಬಾಯಿ ಬಿಟ್ಟವ್ಳೆ? ಮದ್ವೆಯಾಗಿ ಇಪ್ಪತ್ತು ವರ್ಸ. ಬ್ಯಾಡ ಅನ್ನೋದಿರ್ಲಿ, ಹೂಂ ಅಂತಾನೂ ಅಂದಿಲ್ಲ. ನಿಮ್ಮವ್ವ ಮಾತಾಡಿದ್ಲಾ ನಿಮ್ಮ ದೊಡ್ಡಪ್ಪನ ಕುಟೆ?

... ಅಲ್ವಾ? ಮತ್ತೆ ಅದನ್ನ ಹೇಳು ಹೋಗು!

... ಹಾಂ, ಹೇಳಿದ್ಯಾ? ಅವಳ ಬಾಯಿಂದಲೇ ಬರಬೇಕಂತಾ? ಬರ್ಲಿ ಬುಡು. ನಾನು ಒಪ್ಪಿಲ್ಲ ಬುದ್ಧಿ ಅಂದ್ರೆ ಸಾಕು. ಒಂದೇ ಮಾತು. ಬಾವ ಎಲ್ಲವ್ನೆ?

... ಪಕ್ಕದಲ್ಲೇ? ಆಚೆಗೆ ಕಳ್ಸ್ಲಾ ಅವ್ನ! ಬೀಡಿ ಕೊಡ್ತೀನಿ ಬಾ ಅನ್ನು... ಏಳಾಕಿಲ್ವಂತಾ? ಇಬ್ರೂ ಎದುರಲ್ಲೇ ಇರಬೇಕು ಅಂತ ಅಮಲ್ದಾರ್ರೇ ಅಂದ್ರಾ?

... ತಲೆನಾದ್ರೂ ಆಡ್ಸು ಅನ್ನು ಅವ್ಳಿಗೆ. ರೇವಣ್ಣ ಹೇಳವ್ನೆ ಅನ್ನು... ಆಡಿಸಿದ್ಲಾ? ಲೇ, ಆಡಿಸಿದ್ಲಾ ಇಲ್ವಾ?

... ಸೆರಗು ಮುಂದಕ್ಕೆ ಎಳ್ಕೊಂಡ್ಲಾ.

... ಮೂರು ಸಲ ಕೇಳಿದ್ರಾ? ಮೂರು ಸಲವೂ?

... ತಡಿ, ಬರೀಬ್ಯಾಡಿ ಅನ್ನು! ಮುಂದಿನ ಬಸ್ಸಿಗೆ ಬತ್ತೀನಿ, ಬೇಡ, ಸೈಕಲ್ಲಲ್ಲೇ ಬತ್ತೀನಿ... ಬರೆದಾಯ್ತಾ? ಏನಂತ? ನನ್ ಪದವೇನಾ?

... ಬಾವನ ಪಾಲಿಗೆ ಎಷ್ಟು ಹೋಯ್ತು, ಸರಿಯಾಗಿ ಓದು.

... ಹದಿನೆಂಟು ಗುಂಟೆ. ಬಾವೀನೂವಾ? ಒಂದು ಬಾವಿ. ಎರಡು ತೆಂಗಿನ ಮರ. ಹಲೋ... ಹಲೋ...