ಜರ್ಮನ್ ಅವ್ವ, ಇಟಾಲಿಯನ್ ನಟ್ಟು

...ಅಲ್ಲ ಕಾಕಾ, 'ವಿಚಾರ ಮಾಡಿ ಹೇಳ್ತೀನಿ' ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ನಿಮ್ಮ ದೋಸ್ತ ಪರಮೇಶ್ವರ ಅವ್ರು ಪಾಪ, ಊಟಕ್ಕ ಕೂಡ್ಸಿ, ಹೋಳಿಗಿ ಮ್ಯಾಲ ತುಪ್ಪ ಹಾಕ್ಕೋತ, 'ಶಿವಕಾಂತ, ನಾಶಿಕಿಗೆ ಬಂದುಬಿಡು, ನನ್ನ ವರ್ಕ್‌ಶಾಪ್ ನೀನೇ ನೋಡ್ಕೊ' ಅಂತಾರ. ನೀವು ಬಾಯಾಗಿನ ತುತ್ತು ನುಂಗೂಕಿಂತ ಮೊದಲ 'ಒಲ್ಲೆ' ಅಂತೀರಿ. ಅವ್ರ ಮುಖ ನೋಡಿದ್ರೇನು? ತುಪ್ಪದ ಚಮಚ ಹಂಗೇ ಗಾಳ್ಯಾಗ ನಿಂತಿತ್ತು.

ಕೂಡ್ರಿ, ಕೂಡ್ರಿ. ಟ್ರೇನ್ ಇನ್ನೂ ಬಂದಿಲ್ಲ. ಮನ್ಮಾಡಿನ್ಯಾಗ ಟ್ರೇನ್ ಟೈಮಿಗೆ ಬಂದ್ರ ಚಹಾ ಮಾರೂ ಮಂದಿ ಏನು ತಿನ್ಬೇಕು? ನಮ್ಮ ಮನಿ ಇರೂ ಸಂಭಾಜಿನಗರ ಎಲ್ಲೂ ಓಡಿ ಹೋಗಂಗಿಲ್ಲ. ಹೆಸರಷ್ಟ ಬದಲಾಗ್ಯದ, ಜಾಗಾ ಅಲ್ಲೇ ಅದ.

ಏನು? ನಾ ಯಾಕ ನಿಮ್ಮ ಬೆನ್ನು ಹತ್ತೀನಿ ಅಂತೀರೇನು? ಸುಮ್ಮನ್ರಿ. ಕಾಕಾಗ ಛಲೋ ಆಗ್ಲಿ ಅಂತ ಅಣ್ಣನ ಮಗಳು ಅನ್ನಬಾರ್ದೇನು? ಬಿಡ್ರಿ, ಆ ಮಾತೇ ಬ್ಯಾಡ. ನನ್ನ ಇಟಾಲಿಯನ್ ಫಜೀತಿ ಕೇಳ್ರಿ, ಟೈಮ್ ಹೋಗ್ತದ.

ನಮ್ಮ ಫ್ಯಾಕ್ಟರಿ ಆಫೀಸಿನ್ಯಾಗ ದಿಗಂತ್ ಸಾಹೇಬ್ರು ಇದ್ದಾರಲ್ಲ, ಅವ್ರು ನನ್ನ ಕರದು, 'ಮೃದುಲಾ, ನಿಮಗ ಜರ್ಮನ್ ಬರ್ತದ, ಇಟಾಲಿಯನ್ ಕಲ್ಯೂದೇನು ಕಷ್ಟ, ಎರಡೂ ದೇಶ ಬಾಜೂಬಾಜೂಕ ಅವ' ಅಂದ್ರು. ಅವ್ರ ಲೆಕ್ಕದಾಗ ಯುರೋಪ್ ಅಂದ್ರ ಒಂದು ಹೌಸಿಂಗ್ ಸೊಸೈಟಿ. ನಮ್ಮ ಬೀದರಿನ ಬಾಜೂಕ ತೆಲಂಗಾಣ ಅದ, ನಿಮಗೆಷ್ಟು ತೆಲುಗು ಬರ್ತದ ಹೇಳ್ರಿ. ...ಬರೇ ಬೈಗುಳ? ನಗ್ರಿ, ನಗ್ರಿ. ನಂಗೂ ಇಟಾಲಿಯನ್‌ದಾಗ ಮೊದಲು ಬಂದಿದ್ದು ಅವೇ. ನಮಸ್ಕಾರ ಆಮ್ಯಾಲ ಬಂತು.

ಜರ್ಮನ್ ಮಷಿನ್ ಪುಸ್ತಕದ ಇಟಾಲಿಯನ್ ತರ್ಜುಮಾ ಕಂಪ್ಯೂಟರ್ ಮಾಡಂಗಿಲ್ಲೇನು ಅಂತೀರಾ? ಮಾಡ್ತದ. ಅದು ಮಾಡಿದ್ದು ನೋಡೇ ನನ್ನ ಕರದಾರ. ಜರ್ಮನ್‌ದಾಗ ಅವ್ವಗೂ 'ಮುಟ್ಟರ್' ಅಂತಾರ, ನಟ್ಟಿಗೂ 'ಮುಟ್ಟರ್' ಅಂತಾರ. ಯಾಕ ಅಂತ ನನ್ನ ಕೇಳ್ಬ್ಯಾಡ್ರಿ, ಅವ್ರವ್ರ ಮನಿ ವಿಚಾರ. ಕಂಪ್ಯೂಟರ್ ಇಟಾಲಿಯನ್‌ದಾಗ ಏನು ಬರದಿತ್ತು ಗೊತ್ತೇನು? 'ಅವ್ವನ್ನ ಎಡಕ್ಕ ತಿರುವಿ ಸಡಿಲ ಮಾಡ್ರಿ, ಎಣ್ಣಿ ಹಚ್ಚಿ ಬಾಜೂಕ ಇಡ್ರಿ.' ಇಟಲಿಯವ್ರು ಅವ್ವ ಅಂದ್ರ ಜೀವ ಬಿಡೂ ಮಂದಿ ಅಂತ. ಇದನ್ನ ಓದಿದ್ರ ನಟ್ಟು ತಿರುವೂ ಪಾನಾ ತೊಗೊಂಡು ನಮ್ಮ ಮ್ಯಾಲೇ ಬರ್ತಿದ್ರು.

ನಟ್ಟಿಗೆ ಅವ್ರು 'ದಾದೋ' ಅಂತಾರ. ಹೌದ್ರಿ, ಮರಾಠ್ಯಾಗ ಅಣ್ಣಗ ದಾದಾ ಅಂದಂಗ. ಜರ್ಮನಿ ಬಿಡೂಮುಂದ ಅವ್ವ, ಇಟಲಿ ಮುಟ್ಟೂಮುಂದ ಅಣ್ಣ. ದಾರ್ಯಾಗ ಏನಾತೋ ಶಿವನೇ ಬಲ್ಲ.

ಮೆಲ್ಲಗ ನಗ್ರಿ, ಠಸಕಿ ಹತ್ತೀತು. ನೀರು ಕುಡೀರಿ.

ಇಟಾಲಿಯನ್ ಕಲಿಸೂ ಮೇಡಮ್ ಅದಾಳಲ್ಲ, ಸಿನ್ಯೋರಾ, ವೆರೋನಾದಾಕಿ. ಲ್ಯಾಪ್‌ಟಾಪಿನ್ಯಾಗ ಬರ್ತಾಳ. ಬರೇ ಕೈ ಕಾಣ್ತಾವ, ಮುಖ ಆಮ್ಯಾಲ. ಅಷ್ಟು ಕೈ ತಿರುವ್ತಾಳ. ನಾ ಡಿಕ್ಷನರಿ ನೋಡಿ ಛಂದಂಗ ಒಂದು ವಾಕ್ಯ ಕಟ್ಟಿ ತೋರಿಸಿದ್ರ, 'ಇದು ಜರ್ಮನ್ ಹೆಣಕ್ಕ ಇಟಾಲಿಯನ್ ಅಂಗಿ ತೊಡಿಸಿದಂಗ ಅದ' ಅಂದ್ಲು. ನಾ ಅತ್ತುಬಿಟ್ಟೆ ಕಾಕಾ, ಖರೇನ ಅತ್ತೆ. ಅತ್ತ ಮ್ಯಾಲ ಹೇಳಿದ್ಲು, 'ಇದನ್ನ ಓದಾಂವ ಪರೀಕ್ಷಾ ಬರೀಲಿಕ್ಕೆ ಕುಂತಿಲ್ಲ. ಕೈಗೆಲ್ಲ ಗ್ರೀಸ್ ಮೆತ್ಕೊಂಡು ಮಷಿನ್ ಬುಡಕ ಮಲಗ್ಯಾನ. ಮೊದಲು ನೀ ಆ ಕೆಲಸ ತಿಳ್ಕೊ, ಭಾಷಾ ತಾನೇ ಬರ್ತದ.'

ಅದಕ್ಕ ನಿಮ್ಮ ಜೀವ ತಿನ್ಲಿಕ್ಕೆ ಶುರು ಮಾಡಿದ್ದು. ಕಾಕಾ, ಸ್ಪಿಂಡಲ್ ಅಂದ್ರ ಯಾವ್ದು, ಈ ಪೈಪಿನ್ಯಾಗ ಏನು ಹರೀತದ, ಇದನ್ನ ಹಿಡದಿದ್ದು ಯಾವ ಬೋಲ್ಟು. ನೀವು ಕಾಕಿ ಕೈಯಾಗಿನ ಲಟ್ಟಣಿಗಿ ಕಸ್ಕೊಂಡು ಅದನ್ನೇ ಸ್ಪಿಂಡಲ್ ಮಾಡಿ, ಬಾಯ್ಲೇ ಗರ್ ಅಂತ ತಿರುವಿ ತೋರಿಸಿದ್ರಿ. ಕಾಕಿ ಹಿಟ್ಟಿನ ಕೈ ಎತ್ಕೊಂಡು ನಿಂತೇ ಇದ್ರು. ಆವತ್ತು ಚಪಾತಿ ಎಲ್ಲಾ ಭಾರತದ ನಕಾಶೆ ಆಗಿದ್ವು. ಆದ್ರ ಮರುದಿನ ನಾ ಬರದಿದ್ದಕ್ಕ ಸಿನ್ಯೋರಾ ಮೊದಲ ಸಲ 'ಬ್ರಾವಾ' ಅಂದ್ಲು. ಶಾಬಾಶ್ ಅಂದಂಗ. ಆಕಿಗೇನು ಗೊತ್ತು, ಅದು ನಮ್ಮ ಮನಿ ಅಡಗಿಮನ್ಯಾಗ ಹುಟ್ಟಿದ ಇಟಾಲಿಯನ್ ಅಂತ.

ಎಲ್ಲಕ್ಕಿಂತ ಮಜಾ ಯಾವ್ದು ಹೇಳ್ಲಾ? ಜರ್ಮನ್ನರು ಮುಖ್ಯ ಮಾತು ಕಡೀತನಕ ಬಚ್ಚಿಡ್ತಾರ. 'ಬೌವನ್' ಅಂತ ಶುರು ಮಾಡ್ತಾರ. ನಡುವ ಆ ಭಾಗ, ಈ ಭಾಗ, ಮೊದಲು ಕರೆಂಟ್ ತಗೀರಿ, ಬೆರಳು ಹುಷಾರ್, ಎಲ್ಲಾ ಪುರಾಣ ಮುಗಿಸಿ ಕಡೀಕ ಒಂದು ಸಣ್ಣ ತುಣುಕು ಒಗೀತಾರ. 'ಔಫ್' ಅಂದ್ರ ಕಟ್ಟ್ರಿ. 'ಆಪ್' ಅಂದ್ರ ಬಿಚ್ಚ್ರಿ. ಅಲ್ಲೀತನಕ ಕಟ್ಟೂದೋ ಬಿಚ್ಚೂದೋ ದೇವ್ರಿಗೂ ತಿಳ್ಯಂಗಿಲ್ಲ. ಇಟಲಿಯವ್ರಿಗೆ ಅಷ್ಟು ತಾಳ್ಮಿ ಎಲ್ಲಿಂದ ಬರ್ಬೇಕು? ಅವ್ರು ಮೊದಲೇ ಹೇಳಿಬಿಡ್ತಾರ. 'ಮೊಂತಾರೆ' ಅಂದ್ರ ಕಟ್ಟೂದು. ಅದರ ಮುಂದ ಒಂದು 'ಸ್' ಹಚ್ಚಿದ್ರ, 'ಸ್ಮೊಂತಾರೆ', ಬಿಚ್ಚೂದು. ನಾ ಒಂದು ಪುಟದ ತುಂಬ ಆ 'ಸ್' ಮರತೆ. ಸಿನ್ಯೋರಾ ಕೈ ಬೀಸಿ ಬೀಸಿ ಕೇಳ್ತಾಳ, 'ಏನವ್ವ, ಈ ಮಂದಿ ಕಟ್ಟಿದ್ದ ಮಷಿನ್ ಮತ್ತ ಕಟ್ಟಿ ಕಟ್ಟಿ ಏನು ಮಾಡ್ತಾರ? ಇವ್ರು ಅದನ್ನ ಬಿಚ್ಚಿ, ಪೆಟ್ಟಿಗ್ಯಾಗ ತುಂಬಿ, ಹಡಗದಾಗ...'

ಚಹಾ ತರ್ಲೇನು? ಶುಂಠಿ ಹಾಕಿದ್ದು ಕೊಡ್ತಾರಲ್ಲಿ.

ಬ್ಯಾಡ? ಈಗಷ್ಟ ನಗ್ಲಿಕ್ಕತ್ತಿದ್ರಿ. ಯಾಕ ಹಂಗ ನೋಡ್ತೀರಿ?

ಅದು ಉದಾಹರಣಿ, ಕಾಕಾ. ಎಲ್ಲಾ ಮಷಿನ್ ಪುಸ್ತಕದಾಗ ಇರ್ತದ. ಕಟ್ಟೂದು, ಬಿಚ್ಚೂದು, ಒರಸೂದು... ಯಾವ ಮಷಿನ್ ಅಂದ್ರ... ಯಾವ್ದೋ ಒಂದು ಗ್ರೈಂಡಿಂಗ್ ಮಷಿನ್. ಜಗತ್ತಿನ್ಯಾಗ ನಿಮ್ಮದೊಂದೇ ಅದೇನು?

ಕಾಕಾ.

ಬೈರಿ ಬೇಕಾದ್ರ. ರೈಲು ಹಳಿ ಕಡೆ ಮುಖ ತಿರುವಬ್ಯಾಡ್ರಿ.

...ಹೌದು. ನಿಮ್ಮದೇ. ಇಟಲಿಯವ್ರು ಕೊಂಡಾರ. ದೀಪಾವಳಿ ಮುಗದ ಮ್ಯಾಲ ಬಿಚ್ಚಿ ಒಯ್ತಾರ. ಫ್ಯಾಕ್ಟರ್ಯಾಗಿನ ಆ ಲೈನೇ ಬಂದ್ ಮಾಡ್ತಾರಂತ. ಅಲ್ಲಿ ಕೆಲಸ ಮಾಡೂ ಯಾರಿಗೂ ಇನ್ನೂ ಹೇಳಿಲ್ಲ. ಯಾರಿಗೂ ಹೇಳಂಗಿಲ್ಲ ಅಂತ ದಿಗಂತ್ ನನ್ನ ಕಡಿಂದ ಸಹಿ ತೊಗೊಂಡು, ನಕ್ಕೋತನೇ ಹೇಳಿದ್ರು, 'ನಿಮ್ಮ ಕಾಕಾ ಅದೇ ಲೈನಿನ್ಯಾಗ ಇದ್ದಾರ. ಸುದ್ದಿ ಹೊರಗ ಬಿದ್ರ ಯಾರು ಹೇಳಿದ್ರು ಅಂತ ನಾವು ಹುಡುಕೂದು ಬೀಳಂಗಿಲ್ಲ.' ನಾ ಏನು ಮಾಡ್ಬೇಕಿತ್ತು? ಬಾಯಿ ಮುಚ್ಕೊಂಡೆ. ಪರಮೇಶ್ವರ ಅವ್ರಿಗೆ ನಾನೇ ಫೋನ್ ಮಾಡಿದೆ. ಕಾಕಾನ್ನ ಊಟಕ್ಕ ಕರೀರಿ, ಕೆಲಸಕ್ಕ ಕೇಳ್ರಿ, ನಾ ಹೇಳೀನಿ ಅಂತ ಮಾತ್ರ ಹೇಳ್ಬ್ಯಾಡ್ರಿ ಅಂದೆ. ಇದನ್ನ ಮುಚ್ಚಿಟ್ಕೊಂಡು ನಾ ಇಷ್ಟು ದಿನ ನಿಮ್ಮ ಎದುರು ಹಲ್ಲು ಕಿಸದೀನಿ.

ಆದ್ರ ನೀವು... ನೀವು ಯಾಕ ಗಾಬರಿ ಆಗವಲ್ರಿ? ಯಾಕ ಬಂದ್, ಯಾವಾಗ ಬಂದ್, ಏನೂ ಕೇಳವಲ್ರಿ.

ನಿಮಗ ಗೊತ್ತಿತ್ತು.

ನನ್ನ ಕಡೆ ನೋಡ್ರಿ. ಗೊತ್ತಿತ್ತಲ್ಲ? ಬಿಚ್ಚಿದ ಸ್ಪಿಂಡಲ್ ಅಡ್ಡ ಮಲಗಿಸಬೇಕೋ ನಿಲ್ಲಿಸಬೇಕೋ ಅಂತ ನಾ ಕೇಳಿದ ದಿನಾನೇ ತಿಳದಿರ್ಬೇಕು. ಬರೇ ಮಷಿನ್ ನಡಸೂ ಮಂದಿಗೆ ಆ ಮಾತು ಯಾಕ ಬೇಕು? ನಾ ಎಂಥಾ ದಡ್ಡಿ. ತಿಳದೂ ನನಗ ಹೇಳಿಕೊಟ್ರಿ? ದಿನಾ ಸಂಜೀಕ ಕೂತು, ನಿಮ್ಮ ಮಷಿನ್ ಎಲ್ಲಿಂದ ಬಿಚ್ಚಬೇಕು, ಯಾವ್ದಕ್ಕ ಪೆಟ್ಟು ಬೀಳಬಾರ್ದು, ಎಲ್ಲಾ ಒಂದೊಂದಾಗಿ ಹೇಳಿಕೊಟ್ರಿ?

ಮತ್ತ ಇವತ್ತು ಯಾಕ ಒಲ್ಲೆ ಅಂದ್ರಿ? ಇದ್ದ ಕೆಲಸ ಹೋಗ್ತದಂತ ಗೊತ್ತಿದ್ದಾವ್ರು ಬಂದ ಕೆಲಸ ಯಾರರ ಒದೀತಾರೇನು? ಪರಮೇಶ್ವರ ಅವ್ರು ದಸರಾದೊಳಗ ಬಾ ಅಂತಾರ. ನೀವು ದಸರಾಕ್ಕ ಬಿಟ್ರ, ದೀಪಾವಳಿಗೆ ಲೈನ್ ಬಂದ್ ಆದ್ರ, ದಿಗಂತ್ ಮೊದಲು...

ಅಯ್ಯ ಕಾಕಾ.

ಸುದ್ದಿ ಹೊರಗ ಹಾಕಿದಾಕಿ ಅಂತ ನನ್ನ ಹೆಸರು ಬರ್ತದಂತ. ಅದಕ್ಕೇನು ಒಲ್ಲೆ ಅಂದಿದ್ದು? ನನ್ನ ನೌಕರಿ ಸಲುವಾಗಿ?

ಕಾಕಿಗರ ಗೊತ್ತದೇನು? ...ಅವ್ರಿಗೂ ಹೇಳಿಲ್ಲ.

ಕೈ ಬಿಡ್ರಿ. ತಲಿ ಸವರಿ ಸುಮ್ಮನ ಕೂಡ್ಸಲಿಕ್ಕೆ ನಾನೇನು ಕೂಸಲ್ಲ. ನನ್ನ ನೌಕರಿ ಹೋದ್ರ ಹೋಗ್ಲಿ. ದಿಗಂತ್ ಹೊರಗ ಹಾಕಿದ್ರ ನಾ ವೇರೂಳಿನ್ಯಾಗ ಗೈಡ್ ಆಗಿ ಗುಹಾ ನೋಡ್ಲಿಕ್ಕೆ ಬಂದ ಜರ್ಮನ್ನರ ತಲಿ ತಿಂತೀನಿ, ಇಟಾಲಿಯನ್ನರದೂ ತಿಂತೀನಿ. ಹೊಟ್ಟಿ ತುಂಬ್ತದ. ನಿಮಗ ಈ ವಯಸ್ಸಿನ್ಯಾಗ ಮತ್ತ ಯಾರು ಹೋಳಿಗಿ ಹಾಕಿ ಕೆಲಸಕ್ಕ ಕರೀತಾರ?

ಇಲ್ಲ, ಟ್ರೇನ್ ಬರ್ಲಿ, ಹೋಗ್ಲಿ. ಇನ್ನೊಂದು ಬರ್ತದ. ನಾ ಏಳಂಗಿಲ್ಲ, ನಿಮ್ಮನ್ನೂ ಏಳ್ಸಂಗಿಲ್ಲ.

ಪರಮೇಶ್ವರ ಅವ್ರಿಗೆ ಫೋನ್ ಹಚ್ಚೀನಿ. ರಿಂಗ್ ಆಗ್ಲಿಕ್ಕತ್ತದ. ಒಲ್ಲೆ ಅಂದಿದ್ದು ತಪ್ಪಾತು ಅನ್ರಿ, ಬರ್ತೀನಿ ಅನ್ರಿ, ಅಷ್ಟ ಸಾಕು. ನನ್ನ ಕಡೆ ಕೊಡ್ಬ್ಯಾಡ್ರಿ, ನಾ ಮಾತಾಡಂಗಿಲ್ಲ.

ಎತ್ತಿದ್ರು. ತೊಗೊಳ್ರಿ.

ಕಿವಿಗೆ ಹಿಡೀರಿ, ಕಾಕಾ. ಹಲೋ, ಹಲೋ ಅನ್ಲಿಕ್ಕತ್ತಾರ ಅವ್ರು.