ತೊಟ್ಟಿಯೊಳಗಿನ ಎಮ್ಮೆ

…ಇಲ್ಲ, ಶಟರ್ ಇಳಿಸ್ಲೇಬೇಕು ಹನುಮವ್ವ. ಸೆಕೆ ಆಗುತ್ತೆ, ಗೊತ್ತು. ಫ್ಯಾನ್ ಹಾಕ್ತೀನಿ ಇರು. ಆ ಕ್ಯಾಂಟೀನಿನೋರ ಕಿವಿಗೆ ಒಂದು ಮಾತು ಬಿದ್ರೆ ಸಾಕು, ಸಂಜೆಯೊಳಗೆ ಪೀಣ್ಯ ಪೂರ್ತಿ ಮೆರವಣಿಗೆ ಮಾಡಿಸ್ತಾರೆ. ನಮ್ಮಿಬ್ರ ಮಾತು ನಮ್ಮಿಬ್ರಲ್ಲೇ ಇರ್ಲಿ.

ಕೂತ್ಕೊ. ಸ್ಟೂಲ್ ಇದೆಯಲ್ಲ, ನೆಲದ ಮೇಲ್ಯಾಕೆ? ಆ ಚೀಲ ಕೆಳಗಿಡು. ಬೇಡ್ವಾ… ಸರಿ, ತೊಡೆ ಮೇಲೇ ಇಟ್ಕೊ, ಯಾರೂ ಕಿತ್ಕೊಳಲ್ಲ. ಸಗಣಿ ವಾಸನೆ ಬರ್ತಿದೆ ಕಣಮ್ಮ ನಿನ್ ಹತ್ರ. ಬೆರಳ ಸಂದೀಲೆಲ್ಲ ಹಸಿರು ಹಸಿರು. ಎಲ್ಲಿಂದ ಬಂದೆ? ಹೇಳಲ್ವಾ… ಹೋಗ್ಲಿ. ವಾಸನೆ ನಮಗೇನು ಹೊಸದಾ, ಏಳು ವರ್ಷದಿಂದ ಇಬ್ರೂ ಎಂಜಲಲ್ಲೇ ಬದುಕ್ತಿದೀವಿ.

ನೋಡು, ನಾಲ್ಕು ಗಂಟೆಗೆ ನಂದೀಶ್ ಸಾರ್ ಬರ್ತಾರೆ. ಮ್ಯಾನೇಜರ್ ಆದ್ರೇನು, ಅವರಿಗೂ ಮೇಲಿನೋರು ಇದಾರೆ. ಗ್ಯಾಸ್ ತೊಟ್ಟಿ ಕೆಡಿಸಿದ್ದು ಯಾರು ಅಂತ ಅವರು ಇವರನ್ನ ಕೇಳ್ತಾರೆ, ಇವರು ನಮ್ಮನ್ನ ಕೇಳ್ತಾರೆ. ಒಂದು ಹೆಸರು ಬೇಕು, ಅಷ್ಟೆ. ಅದಕ್ಕೇ ಈ ಪೇಪರ್. ನಾನೇ ಬರ್ದಿದೀನಿ. ನಿಂಗೆ ಓದೋಕೆ ಬರಲ್ವಲ್ಲ, ಓದಿ ಹೇಳ್ತೀನಿ ಕೇಳು. 'ಹನುಮವ್ವ ಆದ ನಾನು, ಪ್ಲಾಂಟಿನ ಹೆಲ್ಪರ್, ಆಯುಧಪೂಜೆ ದಿನ ನೆಲ ಒರೆಸಿದ ಫಿನಾಯಿಲ್ ನೀರನ್ನು ತಿಳಿಯದೆ ತೊಟ್ಟಿಯ ಬಾಯಿಗೆ ಸುರಿದಿರುತ್ತೇನೆ. ಇದರಲ್ಲಿ ಬೇರೆ ಯಾರ ಪಾತ್ರವೂ ಇರುವುದಿಲ್ಲ.' ಮುಗೀತು. ಕೆಳಗೆ ಹೆಬ್ಬೆಟ್ಟು. ಇಂಕ್ ಪ್ಯಾಡ್ ಕೂಡ ಆಫೀಸಿಂದ ತಂದಿಟ್ಟಿದೀನಿ.

ಯಾಕಂಗೆ ನೋಡ್ತೀಯ? 'ತಿಳಿಯದೆ' ಅಂತ ಹಾಕಿದೀನಲ್ಲ. ಅದೊಂದು ಪದಕ್ಕೆ ಎರಡು ದಿನ ತಲೆ ಕೆಡಿಸ್ಕೊಂಡಿದೀನಿ. ತಿಳಿದೋನು ಮಾಡಿದ್ರೆ ತಪ್ಪು ಅಂತಾರೆ, ತಿಳೀದೋಳು ಮಾಡಿದ್ರೆ ಪಾಪ ಅಂತಾರೆ. ಅದೇ ವ್ಯತ್ಯಾಸ.

ಸುಳ್ಳು ಹೇಳಲ್ಲ, ಕಂಟ್ರಾಕ್ಟರ್ ನಿನ್ನ ತೆಗೀಬೋದು. ತೆಗೆದ್ರೆ ಪಂಪ್‌ಹೌಸ್ ಪಕ್ಕದ ರೂಮೂ ಬಿಡ್ಬೇಕಾಗುತ್ತೆ. ಭಾಗ್ಯಶ್ರೀದು ಹತ್ತನೇ ಕ್ಲಾಸು, ಮಾರ್ಚಲ್ಲಿ ಪರೀಕ್ಷೆ… ಗೊತ್ತು, ಎಲ್ಲಾ ಗೊತ್ತು. ನಿನ್ ಮಗಳು ನನ್ ಮೊಮ್ಮಗಳಿದ್ದಂಗೆ. ದೊಡ್ಡನೆಕ್ಕುಂದೀಲಿ ನಮ್ಮ ಭಾವಮೈದ ಅಪಾರ್ಟ್‌ಮೆಂಟಲ್ಲಿ ಸೂಪರ್‌ವೈಸರ್, ಒಂದು ಮಾತು ಹೇಳಿದ್ರೆ ನಾಳೇನೇ ಕೆಲಸ. ಸ್ಕೂಲಾ? ಸ್ಕೂಲು ಅಲ್ಲೂ ಇದಾವೆ. ವರ್ಷದ ಮಧ್ಯದಲ್ಲಿ ಯಾರು ಸೇರಿಸ್ಕೋತಾರೆ ಅಂತೀಯಾ… ಅನ್ಲಿಲ್ಲ, ಆದ್ರೆ ಮುಖ ಅಂಗೇ ಅಂತಿದೆ.

ನನ್ ಕಷ್ಟಾನೂ ಸ್ವಲ್ಪ ಕೇಳು. ಸರ್ಟಿಫಿಕೇಟ್ ಇಟ್ಕೊಂಡಿರೋನು ನಾನು. ತೊಟ್ಟಿ ಕಟ್ಟಿಸಿದ ಇಂಜಿನಿಯರು, ಆ ಸೌಮ್ಯಾ ಮೇಡಂ, ಮೂರು ದಿನ ನನ್ನ ಕೂರಿಸಿ ಪಾಠ ಹೇಳಿದ್ರು. 'ಮುನಿಯಣ್ಣ, ಒಳಗಿರೋದು ಬರೀ ಕೊಳೆ ಅಲ್ಲ. ಕಣ್ಣಿಗೆ ಕಾಣದ ಜೀವ ಇದಾವೆ. ಅವು ಎಂಜಲು ತಿಂದು ಬಿಡೋ ಗಾಳೀನೇ ನಮ್ಮ ಗ್ಯಾಸು. ಸೋಪು, ಫಿನಾಯಿಲು, ಬ್ಲೀಚಿಂಗ್ ಪೌಡರು ಒಂದ್ ಚೂರೂ ಒಳಗೆ ಬೀಳ್ಬಾರ್ದು.' ನಾನು ತಲೆ ಆಡಿಸ್ದೆ, ಸೈನ್ ಹಾಕ್ದೆ. ಆ ಸರ್ಟಿಫಿಕೇಟಿಗೆ ನಮ್ಮ ಮನೇಲಿ ವೆಂಕಟಮ್ಮ ಕಟ್ಟು ಹಾಕ್ಸಿ, ದೇವರ ಪಟದ ಪಕ್ಕ ಮೊಳೆ ಹೊಡ್ಸಿದಾಳೆ. ದಿನಾ ಬೆಳಿಗ್ಗೆ ಅದಕ್ಕೂ ಒಂದು ಹೂವು ಸಿಗಿಸ್ತಾಳೆ ಕಣಮ್ಮ ನನ್ ಹೆಂಡ್ತಿ.

ನೀನು ಒಂದು ದಿನಾನೂ ಪಾಠಕ್ಕೆ ಕೂತೋಳಲ್ಲ. ಬಂದ ಮೊದಲ್ನೇ ವಾರಾನೇ ಅಂದೆ, 'ಅಣ್ಣಾ, ಇದು ಎಮ್ಮಿ ಇದ್ದಂಗ ಐತಿ.' ನಾನು ನಕ್ಕೆ. ಆದ್ರೆ ನಿಜ. ಬೆಳಿಗ್ಗೆ ಎಂಜಲು ಹಾಕಿದ್ರೆ ಮಧ್ಯಾಹ್ನದೊಳಗೆ ಆ ಕಬ್ಬಿಣದ ಡ್ರಮ್ಮು ತೊಟ್ಟಿ ಮೇಲೆ ಉಬ್ಬಿ ಬರೋದು. ಒಲೆ ಹಚ್ಚಿದ್ರೆ ಮೆಲ್ಲಗೆ ಇಳಿಯೋದು. ನೀನು ನಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ ಒಂದೊಂದೇ ಆರಿಸಿ ತೆಗೀತಿದ್ದೆ, ಎಮ್ಮೆಗೆ ಹೊಟ್ಟೆ ಕೆಡುತ್ತೆ ಅಂತ. ಮೊದಲ್ನೇ ಹಿಡಿ ಕೈಯಲ್ಲೇ ಹಾಕಿ 'ತಿನ್ನವ್ವಾ' ಅಂತಿದ್ದೆ. ನಾಲ್ಕು ಫ್ಯಾಕ್ಟ್ರಿ ಎಂಜಲಲ್ಲಿ ಮುನ್ನೂರು ಜನಕ್ಕೆ ಸಾರು ಕುದಿಸ್ತಿದ್ವಲ್ಲ ಇಬ್ರೂ.

ಹಬ್ಬ ಆಗಿ ಮೂರನೇ ದಿನ ನೀನೇ ಓಡಿ ಬಂದೆ. 'ಅಣ್ಣಾ, ಎಮ್ಮಿ ಉಸುರಾಡವಲ್ದು.' ಡ್ರಮ್ಮು ತಳ ಕಚ್ಕೊಂಡು ಕೂತಿತ್ತು. ಆವತ್ತಿಂದ ಕ್ಯಾಂಟೀನಿಗೆ ಸಿಲಿಂಡರು. ಆವತ್ತಿಂದ ನೀನೂ ಮಾತು ಕಮ್ಮಿ ಮಾಡ್ಬಿಟ್ಟೆ.

ಬಾ, ಹೆಬ್ಬೆಟ್ಟು ಒತ್ತು. ಎಡಗೈದು.

ನಗ್ತಿದೀಯಾ? ಯಾಕ್ ನಗ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ತಾನೆ? ನಾನೇನು ಹೆಗಲು ಮುಟ್ಕೊಂಡಿಲ್ಲ. ಬೆವರು ಒರೆಸ್ಕೊಂಡೆ. ಈ ಫ್ಯಾನ್ ಗಾಳಿಗಿಂತ ಸದ್ದೇ ಜಾಸ್ತಿ.

ಕೆಟ್ಟ ತೊಟ್ಟಿ ನೋಡೋಕೆ ಬಂದಿದ್ರಲ್ಲ ಸೌಮ್ಯಾ ಮೇಡಂ, ಅವರ ರಿಪೋರ್ಟಲ್ಲಿ ಒಂದೇ ಒಂದು ಕೊಕ್ಕೆ ಇದೆ. ಬಕೆಟ್ ನೀರಿಗೆಲ್ಲ ಇಷ್ಟು ದೊಡ್ಡ ತೊಟ್ಟಿ ಸಾಯಲ್ಲ ಅಂತ ಬರ್ದಿದಾರೆ. ಅದಕ್ಕೆ ನೀನು ಹೇಳ್ಬೇಕು, ಒಂದ್ ಸಲ ಅಲ್ಲ ಸಾರ್, ನಾಲ್ಕೈದು ಸಲ ಸುರಿದೆ ಅಂತ. ಇಲ್ದಿದ್ರೆ ಐದು ಲೀಟರ್ ಗಟ್ಟಿ ಫಿನಾಯಿಲು ಒಳಗೆ ಎಂಗೆ ಹೋಯ್ತು ಅಂತ…

ಏನು? ಐದು ಲೀಟರ್ ಅಂದ್ನಾ? ಮೇಡಂ ಹೇಳಿದ್ದು. ಅಂದಾಜು ಹೇಳಿದ್ದು. ರಿಪೋರ್ಟಲ್ಲಿ ಲೀಟರ್ ಬರ್ದಿಲ್ಲ, ಬಾಯಲ್ಲಿ… ಬಾಯಲ್ಲೂ ಹೇಳ್ಲಿಲ್ಲ.

ಅಂಗೆ ಸುಮ್ನೆ ನೋಡ್ಬೇಡ ಹನುಮವ್ವ. ಏನಾದ್ರೂ ಅನ್ನು. ಬೈಯೋದಾದ್ರೂ ಬೈಯಿ.

ಸರಿ. ಸ್ಟೋರಿಂದ ಕ್ಯಾನ್ ತಂದಿದ್ದು ನಾನು. ತಂದ್ರೆ ಸುರಿದಂಗಾಯ್ತಾ? ಹಬ್ಬಕ್ಕೆ ಎಲ್ರೂ ತರ್ತಾರೆ. ಆ ಸ್ಟೋರ್ ರಾಜೇಂದ್ರ ಗೊತ್ತಲ್ಲ, ಒಂದು ಬಲ್ಬ್ ಕೊಟ್ರೂ ಅದರ ಮೇಲೆ ತಗೊಂಡೋರ ಹೆಸರು ಮಾರ್ಕರಲ್ಲಿ ಬರೀದೆ ಕೈಗೆ ಕೊಡಲ್ಲ. ಅದಕ್ಕೇ ಖಾಲಿ ಕ್ಯಾನನ್ನ ಕಾಂಪೌಂಡ್ ಆಚೆ ಎಸೆದುಬಿಟ್ಟೆ…

ಹೂಂ. ಖಾಲಿ ಆಯ್ತು. ನಾನೇ ಖಾಲಿ ಮಾಡ್ದೆ.

ಹೋದ ವರ್ಷದ ಪೂಜೆ ನೆನಪಿದೆಯಾ? ಮಾಲೀಕರ ಹೆಂಡ್ತಿ ಬಂದಿದ್ರು. ಇಲ್ಲಿ ಆರತಿ ಎತ್ತೋವಾಗ ಸೆರಗಲ್ಲಿ ಮೂಗು ಮುಚ್ಕೊಂಡೋರು ಮಂಗಳಾರತಿ ತಗೊಳೋಕೂ ಕೈ ತೆಗೀಲಿಲ್ಲ. ಒಂದ್ಸಲ ತೊಟ್ಟಿ ನೋಡಿದ್ರು, ಒಂದ್ಸಲ ನನ್ನ ನೋಡಿದ್ರು. ನಾತ ನಂದೇ ಅನ್ನೋ ಥರ. ಒಂದು ವರ್ಷ ಅದು ನನ್ನ ಎದೇಲಿ ಕೂತಿತ್ತು ಕಣಮ್ಮ.

ನಮ್ಮಪ್ಪ ಹೇಳ್ತಿದ್ದ, ಹಬ್ಬದ ದಿನ ದನದ ಮೈ ತೊಳೀದೋನು ಬೇಸಾಯಗಾರನೇ ಅಲ್ಲ ಅಂತ. ಇದೇ ಜಾಗ. ಈ ತೊಟ್ಟಿ ಇದೆಯಲ್ಲ, ಇದು ನಮ್ಮ ರಾಗಿ ಹೊಲ. ನಮ್ಮಪ್ಪ ಇಲ್ಲೇ ಬಾವಿ ಪಕ್ಕ ಎತ್ತು ನಿಲ್ಲಿಸಿ ಉಜ್ಜೋನು. ಈ ಸಲ ಪೂಜೆ ದಿನ ಎಲ್ರೂ ಅವರವರ ಆಯುಧ ತೊಳೀತಿದ್ರು. ಲೇತ್ ತೊಳೆದ್ರು, ಲಾರಿ ತೊಳೆದ್ರು, ಸೆಕ್ಯುರಿಟಿಯೋನು ಲಾಠಿ ತೊಳೆದು ಕುಂಕುಮ ಇಟ್ಟ. ನನ್ ಆಯುಧ ಯಾವುದು ಹೇಳು? ಇದೇ. ಹೊರಗೆಲ್ಲ ಉಜ್ಜಿ ತೊಳೆದೆ, ಅರಿಶಿನ ಹಚ್ಚಿದೆ. ಆದ್ರೆ ನಾತ ಇರೋದು ಒಳಗೆ.

ಮೇಡಂ ಹೇಳಿದ್ದು ಮರ್ತಿದ್ದೆ ಅಂದ್ಕೊಂಡ್ಯಾ? ನೆನಪಿತ್ತು. ಮುಚ್ಚಳ ತಿರುಗಿಸೋವಾಗ್ಲೂ ನೆನಪಿತ್ತು. ಹಬ್ಬದ ದಿನ ಒಂದೇ ಒಂದ್ಸಲ, ಏನಾಗುತ್ತೆ ಅಂದ್ಕೊಂಡು ಪೂರ್ತಿ ಸುರಿದುಬಿಟ್ಟೆ. ಗಮ್ ಅಂತು. ಆ ಯಮ್ಮ ಈ ಸಲ ಮೂಗು ಮುಚ್ಚಲಿಲ್ಲ. 'ಚೆನ್ನಾಗಿ ಇಟ್ಕೊಂಡಿದೀರಿ ಮುನಿಯಣ್ಣ' ಅಂದ್ರು. ಹೆಸರು ಹಿಡಿದು ಅಂದ್ರು. ಎಮ್ಮೆ ಮೈ ತೊಳೆಯೋಕೆ ಹೋಗಿ ಎಮ್ಮೇನೇ ಸಾಯಿಸ್ದೆ.

ಈಗ ಗೊತ್ತಾಯ್ತಲ್ಲ. ಗೊತ್ತಾದ್ಮೇಲೂ ಕೇಳ್ತಿದೀನಿ, ಒತ್ತು. ನನ್ನ ಹೊರಗೆ ಹಾಕಿದ್ರೆ ಎಲ್ಲಿಗೆ ಹೋಗ್ಲಿ? ನಿಂಗೆ ಹಿಂದಕ್ಕೆ ಕೊಪ್ಪಳದ ಕಡೆ ಒಂದೂರಾದ್ರೂ ಇದೆ. ನನ್ನೂರು ಇದೇ. ಇದರ ಮೇಲೇ ಫ್ಯಾಕ್ಟ್ರಿ ಕಟ್ಟಿ ಗೇಟ್ ಹಾಕಿದಾರೆ. ಗೇಟಿಂದ ಆಚೆ ತಳ್ಳಿದ್ರೆ ನನ್ನ ಊರಿಂದ್ಲೇ ಆಚೆ ತಳ್ಳಿದಂಗೆ. ಐವತ್ತೇಳು ವರ್ಷದೋನಿಗೆ ಯಾರು ಕೆಲಸ ಕೊಡ್ತಾರೆ? ವೆಂಕಟಮ್ಮಂಗೆ ಏನಂತ ಹೇಳ್ಲಿ, ಆ ಪಟ ಇಳಿಸು ಅಂತಾನಾ?

ಯಾರೂ ನೋಡಿಲ್ಲ. ನೀನು ಹೂವು ತರೋಕೆ ಹೋಗಿದ್ದೆ. ಹೋಗಿದ್ದೆ ತಾನೆ?

ಎಮ್ಮೆ ಪೂರ್ತಿ ಸತ್ತಿಲ್ಲ ಬೇರೆ. ಮೊನ್ನೆಯಿಂದ ಡ್ರಮ್ಮು ಎರಡು ಬೆರಳು ಮೇಲೆದ್ದಿದೆ, ನಾನೇ ಅಳತೆ ಹಾಕ್ದೆ. ಮೇಡಮ್ಮಿಗೂ ಆಶ್ಚರ್ಯ. 'ಯಾರಾದ್ರೂ ದಿನಾ ಹಸಿ ಸಗಣಿ ಹಾಕ್ತಿದೀರಾ? ಸಗಣೀಲಿ ಆ ಜೀವ ಇರುತ್ತೆ, ಅದೊಂದೇ ಇದಕ್ಕೆ ಔಷಧಿ' ಅಂದ್ರು. ಹೂಂ ಮೇಡಂ, ನಾನೇ ಹಾಕ್ತಿದೀನಿ ಅಂದ್ಬಿಟ್ಟೆ. ಸುಳ್ಳು ಹೇಳಿ ಹೇಳಿ ಬಾಯಿಗೆ ಅದೇ ರೂಢಿ ಆಗೋಗಿದೆ. ಯಾರು ಹಾಕ್ತಾರೆ ಸಗಣಿ ಇಲ್ಲಿ…

ಹನುಮವ್ವ. ನಿನ್ ಕೈ ತೋರಿಸು.

ಆ ಚೀಲದಲ್ಲಿ ಏನಿದೆ? ತೆಗಿ. ಇಲ್ಲಿ, ಮೇಜಿನ ಮೇಲಿಡು…

ಇದು ಎಲ್ಲಿ ಸಿಕ್ತು ನಿಂಗೆ?

ನಾನು ಎಸೆದ ಕ್ಯಾನಿನ ಬಾಯಿ ಕತ್ತರಿಸಿ, ತಂತಿ ಹಿಡಿ ಹಾಕಿ, ಸಗಣಿ ತುಂಬಿದೀಯ. ನಾಗಸಂದ್ರದಿಂದ ಹೊತ್ತು ತಂದ್ಯಾ? ಹಸು ಸಾಕಿದಾನಲ್ಲ ಆಂಜಿನಪ್ಪ, ಅವನ ಕೊಟ್ಟಿಗೆಯಿಂದ? ಎಷ್ಟು ದಿನದಿಂದ? ಹಬ್ಬ ಆಗಿ ನಲವತ್ತು ದಿನ… ದಿನಾನಾ? ನನ್ ಕಣ್ಣು ತಪ್ಪಿಸಿ, ದಿನಾ?

ಇದರ ಮೇಲೆ ನನ್ ಹೆಸರಿದೆ. ರಾಜೇಂದ್ರನ ಕೈಬರಹ. ಸಗಣಿ ಬಿದ್ದೂ ಬಿದ್ದೂ ಎಲ್ಲಾ ಕಡೆ ಕಲೆ ಆಗಿದೆ, ಹೆಸರೊಂದು ಮಾತ್ರ ಒರೆಸಿ ಇಟ್ಕೊಂಡಿದೀಯ. ನಿಂಗೆ ಓದೋಕೆ ಬರಲ್ಲ ಅಂತ ನಾನು… ಭಾಗ್ಯಶ್ರೀ ಓದಿ ಹೇಳಿದ್ಲಾ?

ಅಂದ್ರೆ ನಿಂಗೆ ಮೊದಲಿಂದ್ಲೂ ಗೊತ್ತಿತ್ತು. ಗೊತ್ತಿದ್ದೂ ದಿನಾ ಹತ್ತು ಗಂಟೆಗೆ 'ಅಣ್ಣಾ ಚಾ' ಅಂತ ತಂದಿಡ್ತಿದ್ದೆ. ನಂದೀಶ್ ಸಾರ್ ಎರಡ್ಸಲ ನಿನ್ನ ಒಳಗೆ ಕರೆದು ಕೇಳಿದ್ರಲ್ಲ, ಏನಂದೆ? ಏನೂ ಅನ್ಲಿಲ್ವಾ… ಯಾಕೆ? ನಾನೇ ಹೇಳ್ತೀನಿ ಅಂತ ಕಾಯ್ತಿದ್ಯಾ? ಇವತ್ತು ಕರೆದಾಗ್ಲೂ ಅದಕ್ಕೇ ಕರೆದೆ ಅಂದ್ಕೊಂಡು ಬಂದ್ಯಾ? ಬಂದು ಕೂತೋಳಿಗೆ ನಾನು ಇಂಕ್ ಪ್ಯಾಡ್ ಮುಂದಿಟ್ಟೆ.

ಥೂ. ನನ್ ಮುಖಕ್ಕೆ.

ಬೈಕ್ ಸದ್ದು. ಬಂದ್ರು ಅನ್ಸುತ್ತೆ. ಹನುಮವ್ವ, ಆ ಕ್ಯಾನ್ ಚೀಲಕ್ಕೆ ಹಾಕು. ಪೇಪರ್ ಮೇಲೇ ಇಟ್ಟಿದೀಯ, ಒದ್ದೆ ಆಗ್ತಿದೆ. ತೆಗಿ… ನಿನ್ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ತೆಗಿ. ನಾಳೆ ನಾನೇ ಹೋಗಿ ಹೇಳ್ತೀನಿ. ಸತ್ಯವಾಗ್ಲೂ.

ಬಂದೆ ಸಾರ್! ಒಂದ್ನಿಮಿಷ, ಶಟರ್ ಬಿಗಿಯಾಗಿದೆ.

ತೆಗೆಯಲ್ವಾ…

ಬಿಡು. ಇರ್ಲಿ ಬಿಡು. ಸ್ವಲ್ಪ ತಿರುಗಿಸಿಡು, ಹೆಸರು ಬಾಗಿಲ ಕಡೆ ಬರೋ ಥರ. ನೀನು ಹೊರಡು, ಇವತ್ತಿನ ಮೇವು ಇನ್ನೂ ಹಾಕಿಲ್ಲ ಅಲ್ವಾ… ಆದ್ರೆ ಕ್ಯಾನ್ ಬೇಕಲ್ಲ ನಿಂಗೆ. ಹಂಗಾದ್ರೆ ಸ್ವಲ್ಪ ಹೊತ್ತು ಕೂತಿರು. ಅವರು ಓದ್ಕೊಳ್ಲಿ, ಆಮೇಲೆ ತಗೊಂಡು ಹೋಗು.

ಬಂದೆ ಸಾರ್, ತೆಗೀತಿದೀನಿ.