ಮೂರು ಸಲ ತಟ್ಟಬಾರದು

ಇದು ನಡೆದದ್ದು ಆರು ವರ್ಷದ ಹಿಂದೆ, ಚಳಿ ಇನ್ನೂ ಪೂರ್ತಿ ಬಿಡದ ಒಂದು ಶುಕ್ರವಾರ ರಾತ್ರಿ. ನಡೆದದ್ದು ನಮ್ಮ ದೊಡ್ಡಪ್ಪನ ಹಿರಿಯ ಮಗಳಿಗೆ. ಮನೆಯಲ್ಲಿ ನಾವೆಲ್ಲ ಅವಳನ್ನು ಅಕ್ಕ ಅನ್ನುತ್ತೇವೆ. ಆಫೀಸಿನಲ್ಲಿ ಅವಳಿಗೆ ‘ಸುತ್ತಿಗೆ’ ಅಂತ ಹೆಸರು.

ಹೆಸರು ಬಂದದ್ದು ಕೆಲಸದಿಂದ. ಭೂಕಂಪ ಆದರೆ ಊರಿನ ಯಾವ ಕಟ್ಟಡ ನಿಲ್ಲುತ್ತದೆ, ಯಾವುದು ಬೀಳುತ್ತದೆ, ಬಿದ್ದರೆ ಅದರಡಿ ಎಷ್ಟು ಜನ ಇರುತ್ತಾರೆ... ಇದನ್ನು ಮುಂಚೆಯೇ ಲೆಕ್ಕ ಹಾಕಿಡುವ ಆಫೀಸು ಅದು. ಅಕ್ಕ ಬೀದಿ ಬೀದಿ ಸುತ್ತುತ್ತಾಳೆ. ಕೈಯಲ್ಲಿ ಒಂದು ಪುಟ್ಟ ಸುತ್ತಿಗೆ. ಕಂಬಕ್ಕೆ ತಟ್ಟುತ್ತಾಳೆ. ಗಟ್ಟಿ ಕಾಂಕ್ರೀಟು ಠಣ್ ಅನ್ನುತ್ತದೆ. ಒಳಗೆ ಪೊಳ್ಳಾಗಿದ್ದರೆ ಡೊಬ್ ಅನ್ನುತ್ತದೆ. ರಾತ್ರಿ ಇನ್ನೊಂದು ಸಲ ಬಂದು, ಮನೆಮನೆ ಬಾಗಿಲಲ್ಲಿ ನಿಂತು, ಇವತ್ತು ಇಲ್ಲಿ ಎಷ್ಟು ಜನ ಮಲಗುತ್ತೀರಿ ಅಂತ ಕೇಳುತ್ತಾಳೆ. ಹಗಲಿನ ಲೆಕ್ಕ ಬೇರೆ, ರಾತ್ರಿಯ ಲೆಕ್ಕ ಬೇರೆ. ನಿದ್ದೆಯಲ್ಲಿದ್ದವರು ಓಡಿ ಹೊರಗೆ ಬರಲಾರರು. ಮೊದಮೊದಲು ಜನ ರೇಗುತ್ತಿದ್ದರಂತೆ. ಈ ಹೊತ್ತಲ್ಲಿ ಬಂದು ನಾವು ಸಾಯೋದನ್ನ ಲೆಕ್ಕ ಹಾಕ್ತೀಯಲ್ಲಮ್ಮ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು ಅಂತ.

ಆ ಕೆಲಸದವರಲ್ಲಿ ಒಂದು ಪದ್ಧತಿ ಇದೆ. ಕಂಬಕ್ಕೆ ಎರಡು ಸಲ ತಟ್ಟಬಹುದು. ನಾಲ್ಕು ಸಲ ತಟ್ಟಬಹುದು. ಮೂರು ಸಲ ಮಾತ್ರ ತಟ್ಟಬಾರದು.

ದೊಡ್ಡಪ್ಪನಂಥವರಿಂದ ಬಂದದ್ದು ಅದು. ದೊಡ್ಡಪ್ಪ ಒಂದು ಕಾಲದಲ್ಲಿ ರಕ್ಷಣಾ ದಳದಲ್ಲಿದ್ದರು. ಕಟ್ಟಡ ಕುಸಿದ ಜಾಗದಲ್ಲಿ ಅವರ ಕೆಲಸ ಕೇಳಿಸಿಕೊಳ್ಳುವುದು. ಯಂತ್ರಗಳನ್ನೆಲ್ಲ ನಿಲ್ಲಿಸಿ, ಸುತ್ತ ಇದ್ದವರನ್ನೆಲ್ಲ ಸುಮ್ಮನಾಗಿಸಿ, ಬಿದ್ದ ಗೋಡೆಯ ಮೇಲೆ ಮೂರು ಸಲ ತಟ್ಟುತ್ತಿದ್ದರು. ಅಂದರೆ... ಯಾರಾದರೂ ಇದ್ದೀರಾ? ಆಮೇಲೆ ಕಬ್ಬಿಣದ ಸರಳನ್ನು ಸಂದಿಗೆ ಇಳಿಸಿ, ಅದಕ್ಕೆ ಕಿವಿ ಕೊಟ್ಟು, ಉಸಿರು ಬಿಗಿ ಹಿಡಿದು ಕಾಯುತ್ತಿದ್ದರು. ಒಳಗಿಂದ ಮೂರು ಬಂದರೆ... ಇದ್ದೇನೆ ಅಂತ.

ಹಾಗಾಗಿ ಮೂರು ಅಂದರೆ ಒಂದು ಪ್ರಶ್ನೆ. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಕಾಯಲು ಪುರುಸೊತ್ತಿಲ್ಲದವರು ಕೇಳಬಾರದು.

ದೊಡ್ಡಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ಅಕ್ಕ, ಅವಳಾದ ಮೇಲೆ ಚಿಕ್ಕವಳು. ಚಿಕ್ಕವಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಇದಕ್ಕೂ ಕೆಲವು ವರ್ಷ ಹಿಂದೆ ದೊಡ್ಡ ಭೂಕಂಪ ಆಯಿತಲ್ಲ, ಆ ರಾತ್ರಿ ಅವಳು ಹಾಸ್ಟೆಲಿನಲ್ಲಿರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಗೆಳತಿಯ ಮನೆಯಲ್ಲಿ ಓದಿ ಅಲ್ಲೇ ಮಲಗಿದ್ದಳು. ಯಾರಿಗೂ ಹೇಳಿರಲಿಲ್ಲ. ಹಾಸ್ಟೆಲು ಬೀಳಲಿಲ್ಲ ಅಂತ ಸುದ್ದಿ ಬಂತು, ಮನೆಯವರು ಸಮಾಧಾನದ ಉಸಿರು ಬಿಟ್ಟರು. ಫೋನು ಯಾವುದೂ ನಡೆಯುತ್ತಿರಲಿಲ್ಲ.

ಬಿದ್ದದ್ದು ಗೆಳತಿಯ ಮನೆಯಿದ್ದ ಕಟ್ಟಡ. ಅಲ್ಲಿ ಮಲಗುವವರು ಹತ್ತೊಂಬತ್ತು ಜನ ಅಂತ ಅಕ್ಕಪಕ್ಕದವರು ಹೇಳಿದರು. ಹತ್ತೊಂಬತ್ತು ಜನರನ್ನೂ ಹೊರಗೆ ತೆಗೆದರು, ಕೆಲವರನ್ನು ಜೀವಂತವಾಗಿ, ಕೆಲವರನ್ನು ಹೆಣವಾಗಿ. ಗೆಳತಿ ಎರಡನೆಯ ಗುಂಪಿನಲ್ಲಿದ್ದಳು. ಲೆಕ್ಕ ಸರಿಹೋಯಿತು. ಲೆಕ್ಕ ಸರಿಹೋದ ಜಾಗದಲ್ಲಿ ತಟ್ಟಿ ಕೇಳುತ್ತಾ ನಿಲ್ಲುವುದಿಲ್ಲ, ಮುಂದಿನ ಬೀದಿಯಲ್ಲಿ ಜನ ಕಾಯುತ್ತಿರುತ್ತಾರೆ. ಆ ಬೀದಿಗೆ ಹಾಕಿದ್ದು ದೊಡ್ಡಪ್ಪನ ದಳವನ್ನೇ. ದೊಡ್ಡಪ್ಪ ಸರಳು ಹೆಗಲಿಗೇರಿಸಿಕೊಂಡು ಆ ರಾಶಿಯ ಮುಂದೆಯೇ ನಡೆದುಹೋದರು.

ಮಣ್ಣು ಸಾಗಿಸುವಾಗ, ಒಂಬತ್ತನೆಯ ದಿನ, ಚಿಕ್ಕವಳು ಮೆಟ್ಟಿಲ ಕೆಳಗೆ ಸಿಕ್ಕಳು. ಕೈಯಲ್ಲಿ ಒಂದು ಸ್ಟೀಲಿನ ಲೋಟ. ಅದರ ಅಂಚು ನೆಗ್ಗಿಹೋಗಿತ್ತು. ಪಕ್ಕದ ಕಂಬದ ಮೇಲೆ ಸಣ್ಣ ಸಣ್ಣ ಗುರುತುಗಳು. ಮೂರು ಮೂರಾಗಿ.

ದೊಡ್ಡಪ್ಪ ಆ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರಂತೆ. ಅಷ್ಟೇ. ಆಮೇಲೆ ಕೆಲಸ ಬಿಟ್ಟರು. ಮನೆಯಲ್ಲಿ ಯಾರಾದರೂ ಬಾಗಿಲು ಬಡಿದರೆ ಎಷ್ಟು ಸಲ ಬಡಿದರು ಅಂತ ಎಣಿಸುವವರಂತೆ ತಲೆ ಎತ್ತುತ್ತಿದ್ದರು.

ಅದೇ ಜಾಗದಲ್ಲಿ ಹೊಸ ಕಟ್ಟಡ ಎದ್ದಿತ್ತು. ನಾಲ್ಕು ಮಹಡಿ. ಕೆಳಗೆ ಗೋಡೆಯೇ ಇಲ್ಲ, ಕಾರು ನಿಲ್ಲಿಸಲು ಬರೀ ಸಣ್ಣ ಸಣ್ಣ ಕಂಬ. ತಲೆಯ ಮೇಲೆ ಮೂಟೆ ಹೊತ್ತ, ಮಂಡಿ ಸೋತ ಮುದುಕನ ಹಾಗೆ. ಅಕ್ಕ ಬೀದಿಯ ಉಳಿದ ಕಟ್ಟಡಗಳನ್ನೆಲ್ಲ ಮುಗಿಸಿ ಅದನ್ನು ಕೊನೆಗಿಟ್ಟುಕೊಂಡಿದ್ದಳು. ಜೊತೆಗೆ ಬರಬೇಕಾದವನಿಗೆ ಜ್ವರ. ಆ ಶುಕ್ರವಾರ ರಾತ್ರಿ ಒಬ್ಬಳೇ ಹೋದಳು. ಬೀದಿಯ ತಿರುವಿನಲ್ಲಿ ಒಂದು ಹಾಳು ಬಾವಿ, ಮೇಲೆ ಚಪ್ಪಡಿ ಮುಚ್ಚಿದ್ದರು. ಅದರ ಮೇಲೆ ಕಾಲಿಟ್ಟಾಗ ಡೊಬ್ ಅಂತು. ಅಕ್ಕ ನಿಲ್ಲಲಿಲ್ಲ.

ಗೇಟಿನಲ್ಲಿ ಕಾವಲು ಕಾಯುವ ತಾತ ಇದ್ದರು. ಇಬ್ಬರೂ ಮಹಡಿ ಹತ್ತಿ, ಪ್ರತಿ ಬಾಗಿಲಿನಲ್ಲೂ ಕೇಳಿಕೊಂಡು ಇಳಿದರು. ಕೂಡಿಸಿದಳು. ಹತ್ತೊಂಬತ್ತು.

ಅವಳ ಮುಖ ಬಾಡಿದ್ದು ನೋಡಿ ತಾತ ಏನಾಯ್ತು ಅಂದರು. ಅಕ್ಕ ಮೆಲ್ಲಗೆ ಹೇಳಿದಳು. ಇಂಥ ಕಂಬಗಳ ಕಟ್ಟಡಗಳನ್ನು ಸರ್ಕಾರವೇ ಗಟ್ಟಿ ಮಾಡಿಸಿಕೊಡುತ್ತದೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಮಲಗುವ ಕಟ್ಟಡಕ್ಕೆ ಈ ವರ್ಷವೇ. ಉಳಿದವಕ್ಕೆ ಆಮೇಲೆ. ಆಮೇಲೆ ಅಂದರೆ ಯಾವಾಗ ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

“ಒಬ್ಬರು ತಾನೆ?” ತಾತ ಪಿಸುಗುಟ್ಟಿದರು. “ನನ್ನನ್ನೇ ಬರ್ಕೋ ತಾಯಿ. ಮನೇಲಂತೂ ಯಾರ ಲೆಕ್ಕಕ್ಕೂ ನಾನಿಲ್ಲ.”

“ನೀವು ಮಲಗೋದು ಗೇಟಿನ ಹೊರಗೆ, ತಗಡಿನ ಶೆಡ್ಡಲ್ಲಿ ತಾತ. ತಗಡು ಮೈಮೇಲೆ ಬಿದ್ರೆ ಬೈಕೊಂಡು ಎದ್ದು ಬರ್ತೀರ.”

ತಾತ ಸದ್ದಿಲ್ಲದೆ ನಕ್ಕರು. ಅಕ್ಕ ನಗಲಿಲ್ಲ. ಸುಮ್ಮನೆ ಇಪ್ಪತ್ತು ಅಂತ ಗೀಚಿದರೆ ಕೇಳುವವರಿರಲಿಲ್ಲ. ಆದರೆ ಇಲ್ಲದ ಒಬ್ಬರನ್ನು ಸೇರಿಸುವುದು, ಇದ್ದ ಒಬ್ಬರನ್ನು ಬಿಡುವುದು, ಅವಳಿಗೆ ಎರಡೂ ಒಂದೇ ತಪ್ಪು.

ಕಂಬ ನೋಡುವುದು ಬಾಕಿ ಇತ್ತು. ಎರಡೆರಡು ಸಲ ತಟ್ಟುತ್ತಾ ಬಂದಳು. ಡೊಬ್, ಡೊಬ್. ಡೊಬ್, ಡೊಬ್. ಕೊನೆಗೆ ಮೆಟ್ಟಿಲ ಕೆಳಗಿನ ಕಂಬ. ತಟ್ಟಿದಳು. ಡೊಬ್... ಡೊಬ್. ಸದ್ದು ಸರಿಯಾಗಿ ತಿಳಿಯಲಿಲ್ಲ, ಮನಸ್ಸು ಇನ್ನೂ ಹತ್ತೊಂಬತ್ತರಲ್ಲೇ ಇತ್ತು. ಇನ್ನೊಮ್ಮೆ ತಟ್ಟಿದಳು.

ಡೊಬ್.

ತಟ್ಟಿದ ಮೇಲೆ ಗೊತ್ತಾಯಿತು. ಮೂರು.

ಸುತ್ತಿಗೆ ಹಿಡಿದ ಕೈ ಹಾಗೇ ನಿಂತಿತು. ಮೇಲಿನ ಮನೆಯಲ್ಲಿ ಯಾರೋ ನಲ್ಲಿ ನಿಲ್ಲಿಸಿದರು. ಆಮೇಲೆ ಏನೂ ಇಲ್ಲ...

ಟಕ್... ಟಕ್... ಟಕ್.

ಸುತ್ತಿಗೆಯ ಸದ್ದಲ್ಲ. ತೆಳ್ಳಗಿತ್ತು. ಲೋಹದ್ದು. ಬಂದದ್ದು ಕಂಬದ ಒಳಗಿಂದ, ಮೊಣಕಾಲಿನ ಎತ್ತರದಿಂದ.

“ಪೈಪಿರಬೇಕು” ತಾತ ಅಂದರು.

“ಈ ಕಡೆ ಪೈಪಿಲ್ಲ.”

“ಹಾಗಾದ್ರೆ ನೀರಿನ ಪಂಪು...”

“ಪಂಪು ಆಗ್ಲೇ ನೀವೇ ನಿಲ್ಲಿಸಿದ್ರಲ್ಲ ತಾತ.”

ತಾತ ತಮ್ಮ ಕೈ ನೋಡಿಕೊಂಡರು. ಪಂಪಿನ ಕೋಣೆಯ ಬೀಗದ ಕೈ ಅಲ್ಲೇ ಇತ್ತು.

ಅಕ್ಕ ಮನೆಗೆ ಫೋನು ಮಾಡಿದಳು. ದೊಡ್ಡಪ್ಪ ಮೊದಲ ರಿಂಗಿಗೇ ಎತ್ತಿಕೊಂಡರು.

“ಅಪ್ಪ... ಮೂರು ತಟ್ಟಿಬಿಟ್ಟೆ.”

“ಎಲ್ಲಿ?”

ಅವಳಿಗೆ ಬೀದಿಯ ಹೆಸರು ಹೇಳಲಾಗಲಿಲ್ಲ. “ಅಲ್ಲೇ” ಅಂದಳು.

ಫೋನು ಕಂಬಕ್ಕಿಡು ಅಂದರು ದೊಡ್ಡಪ್ಪ. ಅಕ್ಕ ನೆಲದ ಮೇಲೆ ಕೂತು, ಫೋನನ್ನು ಮೊಣಕಾಲಿನ ಎತ್ತರಕ್ಕೆ ಒತ್ತಿ ಹಿಡಿದಳು. ಕಾಂಕ್ರೀಟು ಮಂಜುಗಡ್ಡೆಯಂತಿತ್ತು.

ಟಕ್... ಟಕ್... ಟಕ್.

“ಲೋಟದ ಅಂಚು” ಅಂದರು ದೊಡ್ಡಪ್ಪ.

“ಏನ್ ಮಾಡ್ಲಿ ಅಪ್ಪ?”

“ಉತ್ತರ ಕೊಡು ಮಗಳೇ. ಕೇಳಿಸ್ತು ಅಂತ ಹೇಳು. ಹಾಗೇ ಬಿಟ್ಟು ಬರಬೇಡ.”

ಅಕ್ಕ ಮತ್ತೆ ಮೂರು ಸಲ ತಟ್ಟಿದಳು. ಈ ಸಲ ಬೇಕೆಂದೇ, ನಿಧಾನವಾಗಿ. ಒಳಗೆ ಏನೂ ಇಲ್ಲ. ತುಂಬ ಹೊತ್ತು ಏನೂ ಇಲ್ಲ. ಕೊನೆಗೆ ಒಂದೇ ಒಂದು ಬಂತು... ಟಕ್. ಕೈ ಸೋತವರು ಲೋಟ ಕೆಳಗಿಟ್ಟ ಹಾಗೆ.

“ಎಷ್ಟು ಬರೆದಿದ್ದೀಯ?” ದೊಡ್ಡಪ್ಪ ಕೇಳಿದರು.

“ಹತ್ತೊಂಬತ್ತು.”

“ಆವತ್ತೂ ಅಷ್ಟೇ ಅಂದಿದ್ರು.”

ಆಮೇಲೆ ದೊಡ್ಡಪ್ಪನೇ ಹೇಳಿದರು.

“ಈ ಸಲ ಅವಳನ್ನೂ ಎಣಿಸ್ಕೋ.”

ಅಕ್ಕ ಅಲ್ಲೇ, ನೆಲದ ಮೇಲೆ ಕೂತಂತೆಯೇ, ಹತ್ತೊಂಬತ್ತನ್ನು ಹೊಡೆದುಹಾಕಿ ಇಪ್ಪತ್ತು ಬರೆದಳು. ತಾತ ಬೇರೆ ಕಡೆ ನೋಡುತ್ತಿದ್ದರು.

ಆ ವರ್ಷವೇ ಕೆಲಸ ಆಯಿತು. ಕಂಬಗಳ ಸುತ್ತ ಹೊಸ ಸರಳು ಕಟ್ಟಿ, ಕಾಂಕ್ರೀಟು ತುಂಬಿ, ದಪ್ಪ ಮಾಡಿದರು. ಅಕ್ಕ ಹೋಗಿ ತಟ್ಟಿ ನೋಡಿದಳು, ಎರಡು ಸಲ. ಠಣ್, ಠಣ್. ದೊಡ್ಡಪ್ಪನೂ ಜೊತೆಗೆ ಹೋಗಿದ್ದರು. ಮೆಟ್ಟಿಲ ಕೆಳಗಿನ ಕಂಬದ ಮೇಲೆ ಅಂಗೈ ಇಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ. ಬರುವಾಗ ಅಕ್ಕ ತಾತನಿಗೆ ಒಂದು ಮಾತು ಹೇಳಿ ಬಂದಳು. ನೆಲ ನಡುಗಿದರೆ ಗೇಟು ತೆಗೆದು ನಿಲ್ಲಿ, ಹೊರಗೆ ಬಂದವರನ್ನು ಒಬ್ಬೊಬ್ಬರಾಗಿ ಎಣಿಸಿ ಅಂತ.

ಮುಂದಿನ ವರ್ಷ ನಡುಗಿತು. ನಡುರಾತ್ರಿ, ಕರೆಂಟೂ ಹೋಗಿತ್ತು. ಅದೇ ಬೀದಿಯಲ್ಲಿ ಎರಡು ಕಟ್ಟಡ ಕುಸಿದವು. ಇದು ಕರಕರ ಅಂತು, ನಿಂತಿತು. ಜನ ದಡದಡ ಇಳಿದು ಬಂದರು. ತಾತ ಗೇಟಿನಲ್ಲಿ ನಿಂತು, ದಾಟಿದವರ ಬೆನ್ನು ತಟ್ಟುತ್ತಾ ಗಟ್ಟಿಯಾಗಿ ಎಣಿಸಿದರು. ಮನೆಗಳೂ ಅವೇ, ಜನರೂ ಅವರೇ. ಆ ರಾತ್ರಿ ಯಾರ ಮನೆಗೂ ನೆಂಟರು ಬಂದಿರಲಿಲ್ಲ. ಆಮೇಲೆ ಬೀದಿಯಲ್ಲಿ ಎಲ್ಲರನ್ನೂ ಕೂರಿಸಿ ನೋಡಿದಾಗ ಅಲ್ಲಿದ್ದವರು ಹತ್ತೊಂಬತ್ತು. ತಾತ ಒಪ್ಪಲಿಲ್ಲ. ಎಲ್ಲರೂ ಮೆಟ್ಟಿಲಿಳಿದು ಬಂದರು, ಕೊನೆಯವಳು ಮಾತ್ರ ಮೆಟ್ಟಿಲ ಕೆಳಗಿಂದ ಎದ್ದು ಬಂದಳು, ಕಾಲಿಗೆ ಚಪ್ಪಲಿ ಇರಲಿಲ್ಲ, ನಾನೇ ಬೆನ್ನು ತಟ್ಟಿ ಕಳಿಸಿದೆ ಅಂದರು.

ಇದು ನಡೆದದ್ದೇ. ಅಕ್ಕ ಉತ್ಪ್ರೇಕ್ಷೆ ಮಾಡುವವಳಲ್ಲ. ತಾತ ಈಗಲೂ ಅದೇ ಗೇಟಿನಲ್ಲಿದ್ದಾರೆ. ಆ ರಾತ್ರಿ ಎಷ್ಟು ಜನ ಹೊರಗೆ ಬಂದರು ಅಂತ ಯಾವತ್ತು ಕೇಳಿದರೂ, ಒಂದೇ ಸಂಖ್ಯೆ ಹೇಳುತ್ತಾರೆ.

ಇಪ್ಪತ್ತು.